ಎಲ್ಲ ಪದಕಗಳೂ ಒಬ್ಬನಿಗೇ

"ಅಮ್ಮಾ, ದಾನ ಕೊಟ್ಟವರ ಮಾತು ದೊಡ್ಡದೋ, ಪಡೆದವರ ಅಗತ್ಯ ದೊಡ್ಡದೋ?"

ಕೇಳಿದವನು ಗಂಗರಸ. ವಿದ್ಯಾಪೀಠಕ್ಕೆ ಬರುವ ದತ್ತಿಗಳ ಉಸ್ತುವಾರಿ ಅವನದು. ಯಾರು ಏನು ಕೊಟ್ಟರು, ಯಾವುದಕ್ಕೆಂದು ಕೊಟ್ಟರು, ಕೊಟ್ಟದ್ದು ಅದಕ್ಕೇ ಹೋಯಿತೇ ಎಂದು ನೋಡಿಕೊಳ್ಳುವುದು ಅವನ ಕೆಲಸ. ಆ ಕೆಲಸ ವಹಿಸಿಕೊಂಡ ಮೇಲೆ ಅವನು ತೆಳ್ಳಗಾಗಿದ್ದ.

ಅಮ್ಮನವರು ಪೀಠದ ಹಿರಿಯ ಗುರು. ನೆನೆಸಿದ ಅವರೆಕಾಳನ್ನು ಮೊರದಲ್ಲಿ ಹರಡಿಕೊಂಡು ಹಿದುಕುತ್ತಿದ್ದರು. "ಯಾರ ಮಾತು, ಯಾರ ಅಗತ್ಯ? ಬಿಡಿಸಿ ಹೇಳು. ಬರಿಗೈಯಲ್ಲಿ ಕೂತು ಹೇಳಬೇಡ, ನಾಲ್ಕು ಕಾಳು ಹಿದುಕುತ್ತ ಹೇಳು."

ಗಂಗರಸ ಮೊರದ ಮುಂದೆ ಕೂತು ಹೇಳಿದ. ಎಣ್ಣೆ ಗಾಣದ ಯಜಮಾನರೊಬ್ಬರು ತಮ್ಮ ತಾಯಿಯ ಹೆಸರಿನಲ್ಲಿ ಪೀಠಕ್ಕೆ ಒಂದು ತೆಂಗಿನ ತೋಟ ಕೊಟ್ಟಿದ್ದಾರೆ. ಅದರ ಆದಾಯದಲ್ಲಿ ಪ್ರತಿ ವರ್ಷ ವಿದ್ವಾಂಸರ ಗೋಷ್ಠಿ ನಡೆಯಬೇಕು. ವಿದ್ವಾಂಸರು ಬರುತ್ತಾರೆ, ವಾದ ಮಾಡುತ್ತಾರೆ, ಉಣ್ಣುತ್ತಾರೆ, ವಾದ ಮುಗಿಯದೆಯೇ ಹೊರಡುತ್ತಾರೆ. ಈ ವರ್ಷ ವಿದ್ಯಾರ್ಥಿಗಳು ಮಲಗುವ ಮನೆಯ ಸೂರು ಕುಸಿದಿದೆ. ಮಳೆಗಾಲ ಹತ್ತಿರ ಬಂದಿದೆ. ತೆಂಗಿನ ಆದಾಯ ಸೂರಿಗೆ ಸರಿಹೋಗುತ್ತದೆ. ಆದರೆ ಕೊಟ್ಟದ್ದು ಗೋಷ್ಠಿಗೆ.

"ಗೋಷ್ಠಿ ನಿಲ್ಲಿಸಿದರೆ ಮಾತು ತಪ್ಪಿದ ಹಾಗೆ. ನಡೆಸಿದರೆ ಮಕ್ಕಳು ನೆನೆದ ಹಾಗೆ. ನಾನು ಧರ್ಮಶಾಸ್ತ್ರ ತಿರುವಿ ನೋಡಿದೆ ಅಮ್ಮಾ. ಮೂವರು ಪಂಡಿತರನ್ನು ಕೇಳಿದೆ. ಮೂವರೂ ಬೇರೆ ಬೇರೆ ಶ್ಲೋಕ ಹೇಳಿದರು. ಗೋಷ್ಠಿ ನಿಲ್ಲಬಾರದು ಅನ್ನುವುದರಲ್ಲಿ ಮಾತ್ರ ಒಮ್ಮತ."

"ಗೋಷ್ಠಿಯಲ್ಲಿ ಉಣ್ಣುವ ಪಂಡಿತರೇ ತಾನೇ ಅವರು?"

"ಹೌದಮ್ಮಾ."

"ಸರಿ. ಒಂದು ಕತೆ ಹೇಳುತ್ತೇನೆ, ಕೇಳು" ಎಂದರು ಅಮ್ಮನವರು.

ಒಂದು ಊರಿನಲ್ಲಿ ಒಂದು ವಿದ್ಯಾಪೀಠವಿತ್ತು. ನಾಲ್ವರು ಉಪಾಧ್ಯಾಯರಿದ್ದರು. ಒಬ್ಬರು ವ್ಯಾಕರಣ, ಒಬ್ಬರು ತರ್ಕ, ಒಬ್ಬರು ಗಣಿತ, ಒಬ್ಬರು ಕಾವ್ಯ ಹೇಳಿಕೊಡುತ್ತಿದ್ದರು. ಅವರ ಮೇಲೆ ಒಬ್ಬ ಕುಲಪತಿ. ವಿದ್ಯಾರ್ಥಿಗಳು ಸಾಕಷ್ಟಿದ್ದರು. ಪಾಠ ಚೆನ್ನಾಗಿತ್ತು. ಊಟ ಮಾತ್ರ ದಿನಕ್ಕೆ ಒಂದೇ ಹೊತ್ತು.

ಒಂದು ದಿನ ಒಬ್ಬ ವ್ಯಾಪಾರಿ ಬಂದ. ಅವನ ತಂದೆ ತೀರಿಹೋಗಿ ವರ್ಷ ತುಂಬಿತ್ತು. "ಸ್ವಾಮಿ, ಹೊಳೆದಂಡೆಯ ನನ್ನ ಗದ್ದೆಯನ್ನು ಪೀಠಕ್ಕೆ ಬಿಟ್ಟುಕೊಡಬೇಕು ಅಂತಿದ್ದೇನೆ. ಅಪ್ಪನ ಹೆಸರಿನಲ್ಲಿ ಏನಾದರೂ ಒಳ್ಳೆಯದಾಗಲಿ. ಏನು ಮಾಡೋಣ, ನೀವೇ ಹೇಳಿ" ಎಂದ.

ಗದ್ದೆ ಎಂದ ಕೂಡಲೇ ಕುಲಪತಿಗೆ ಅಕ್ಕಿ ನೆನಪಾಯಿತು. ಅಕ್ಕಿ ಎಂದರೆ ಮಕ್ಕಳಿಗೆ ಎರಡನೆಯ ಹೊತ್ತಿನ ಊಟ. ಹೇಳಬೇಕೆಂದು ಬಾಯಿ ತೆರೆದರು. ಆದರೆ ಪಟ್ಟೆಪಂಚೆ ಉಟ್ಟ ಮನುಷ್ಯನ ಮುಂದೆ ಅನ್ನ ಸಾರಿನ ಮಾತೆತ್ತುವುದು ಹೇಗೆ? ಪೀಠದ ಘನತೆ ಏನಾಗಬೇಡ? ಬೆಟ್ಟದಾಚೆಯ ದೊಡ್ಡ ವಿದ್ಯಾಪೀಠದಲ್ಲಿ ಚಿನ್ನದ ಪದಕ ಕೊಡುತ್ತಾರೆಂದು ಅವರು ಕೇಳಿ ಬಲ್ಲರು. "ನಿಮ್ಮ ತಂದೆಯವರ ಹೆಸರಿನಲ್ಲಿ ಒಂದು ಚಿನ್ನದ ಪದಕ ಇಡೋಣ. ವ್ಯಾಕರಣದಲ್ಲಿ ಮೊದಲು ಬಂದವನಿಗೆ" ಎಂದುಬಿಟ್ಟರು.

ವ್ಯಾಪಾರಿ ತಲೆ ಕೆರೆದುಕೊಂಡ. ಕುಲಪತಿಗೆ ದಿಗಿಲಾಯಿತು. ಈತ ಎದ್ದು ಹೋಗಿಬಿಟ್ಟರೆ? ಅವಸರದಲ್ಲಿ ಸೇರಿಸಿದರು: "ಪ್ರತಿ ವರ್ಷ ಘಟಿಕೋತ್ಸವದ ಸಭೆಯಲ್ಲಿ, ನಿಮ್ಮ ಕಣ್ಣೆದುರಿಗೇ ಕೊಡುತ್ತೇವೆ. ಒಂದೇ ಒಂದು ವರ್ಷ ತಪ್ಪಿದರೂ ಗದ್ದೆ ನಿಮಗೆ ವಾಪಸು."

"ನೀವು ಹೇಳಿದ ಹಾಗೇ ಆಗಲಿ" ಎಂದ ವ್ಯಾಪಾರಿ.

ಆ ವರ್ಷ ಗದ್ದೆಯ ಬೆಳೆ ಪದಕದ ಚಿನ್ನಕ್ಕೂ, ಸಭೆಯ ಚಪ್ಪರಕ್ಕೂ, ವಾಲಗದವರಿಗೂ ಸರಿಹೋಯಿತು. ಊಟ ಒಂದೇ ಹೊತ್ತಾಗಿ ಉಳಿಯಿತು.

ಸುದ್ದಿ ಹರಡಿತು. ಬಟ್ಟೆ ಅಂಗಡಿಯವನು ಒಂದು ತೋಟ ಕೊಡಲು ಬಂದ. ಅವನಿಗೂ ಆ ವ್ಯಾಪಾರಿಗೂ ಆಗಿಬರುತ್ತಿರಲಿಲ್ಲ. ತನ್ನ ತಂದೆಯ ಪದಕ ಅವನದಕ್ಕಿಂತ ಒಂದು ಬೆರಳು ಹೆಚ್ಚು ಅಗಲವಾಗಿರಬೇಕು ಎಂದ. ಅದನ್ನು ತರ್ಕಕ್ಕೆ ಇಟ್ಟರು. ಗಣಿತಕ್ಕೆ ಒಬ್ಬ ಜಮೀನ್ದಾರ ಬಂದ, ಕಾವ್ಯಕ್ಕೆ ಒಬ್ಬ ವೈದ್ಯ. ಎಲ್ಲರಿಗೂ ಕುಲಪತಿ ಅದೇ ಮಾತು ಹೇಳಿದರು: ಒಂದು ವರ್ಷ ತಪ್ಪಿದರೂ ವಾಪಸು. ಆ ಮಾತು ಹೇಳುವಾಗ ಅವರ ದನಿ ಗಂಭೀರವಾಗುತ್ತಿತ್ತು. ಕೇಳಿದವರು ತಲೆ ಅಲ್ಲಾಡಿಸುತ್ತಿದ್ದರು.

ವಿದ್ಯೆಗಳು ಮುಗಿದವು. ಕೊಡುವವರು ಮುಗಿಯಲಿಲ್ಲ. ಹಾಗಾಗಿ ಎರಡನೆಯ ಸ್ಥಾನಕ್ಕೂ ಪದಕ ಬಂತು. ಆಮೇಲೆ ಕುಸ್ತಿಗೆ, ಹಾಡಿಗೆ, ಅಚ್ಚುಕಟ್ಟಾದ ಜುಟ್ಟಿಗೆ. ವರ್ಷವಿಡೀ ನೆಗಡಿಯಾಗದ ವಿದ್ಯಾರ್ಥಿಗೆ ಒಂದು. ಒಬ್ಬ ಮಾಜಿ ಮಂತ್ರಿ ವಿನಯಕ್ಕೆಂದು ಪದಕ ಇಟ್ಟ. ಅದನ್ನು ಪಡೆಯುವವನು ಡೊಳ್ಳು ಕಹಳೆಗಳ ನಡುವೆ ವೇದಿಕೆ ಹತ್ತಬೇಕೆಂದು ಕೇಳಿಕೊಂಡ. ಒಬ್ಬ ಸಾಹುಕಾರ ಒಂದು ಗಾಣ ಕೊಟ್ಟು ತ್ಯಾಗಕ್ಕೆಂದು ಪದಕ ಇಟ್ಟ. ಎಲ್ಲಕ್ಕಿಂತ ಹೆಚ್ಚು ಚಿನ್ನವಿದ್ದದ್ದು ಅದರಲ್ಲೇ.

ಗಂಗರಸ ಕಿಸಕ್ಕನೆ ನಕ್ಕ.

"ನಗಬೇಡ. ಕಾಳು ಸಿಡಿಯುತ್ತೆ" ಎಂದರು ಅಮ್ಮನವರು.

ಪದಕ ಕೊಡಬೇಕಾದರೆ ಪರೀಕ್ಷೆ ಬೇಕು. ಪದಕಕ್ಕೊಂದು ಪರೀಕ್ಷೆಯಾಯಿತು. ಪರೀಕ್ಷೆಗಳ ನಡುವೆ ಪಾಠಕ್ಕೆ ಜಾಗವಿಲ್ಲದಾಯಿತು. ಉಪಾಧ್ಯಾಯರಿಗೂ ಪುರುಸೊತ್ತಿರಲಿಲ್ಲ. ಕಾವ್ಯದವರು ದಾನಿಗಳ ಮೇಲೆ ಪದ್ಯ ಕಟ್ಟುತ್ತಿದ್ದರು. ಗಣಿತದವರು ಒಬ್ಬರ ಪದಕ ಇನ್ನೊಬ್ಬರದಕ್ಕಿಂತ ಕಿರಿದಾಗದಂತೆ ಅಳೆಯುತ್ತಿದ್ದರು. ವ್ಯಾಕರಣದವರು ದಾನಿಗಳ ತಂದೆ ತಾತಂದಿರ ಹೆಸರನ್ನು ತಪ್ಪಿಲ್ಲದೆ ಓದುವ ಅಭ್ಯಾಸ ಮಾಡುತ್ತಿದ್ದರು. ಸಭೆಯಲ್ಲಿ ಯಾರ ಪಕ್ಕದಲ್ಲಿ ಯಾರು ಕೂರಬೇಕೆಂದು ತೀರ್ಮಾನಿಸುವುದು ತರ್ಕದವರ ಪಾಲಿಗೆ ಬಂತು. ನಾಲ್ವರಲ್ಲಿ ಹೆಚ್ಚು ಸೊರಗಿದವರು ಅವರೇ.

ಕುಲಪತಿಯಂತೂ ಪೀಠದಲ್ಲಿ ಕಾಣಿಸುತ್ತಲೇ ಇರಲಿಲ್ಲ. ಯಾವ ದಾನಿಯ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಅಲ್ಲಿ ಅವರಿಗೊಂದು ಎಲೆ ಹಾಕಿರುತ್ತಿದ್ದರು. ಗೃಹಪ್ರವೇಶ, ಉಪನಯನ, ಷಷ್ಟಿಪೂರ್ತಿ ಯಾವುದನ್ನೂ ಅವರು ತಪ್ಪಿಸುತ್ತಿರಲಿಲ್ಲ. ಹೋಗದಿದ್ದರೆ ದಾನಿ ಮುನಿಸಿಕೊಂಡಾರು. ವ್ಯಾಪಾರಿಯ ಮನೆಯಲ್ಲೇ ಅವರು ಎಷ್ಟು ಸಲ ಉಂಡರೋ ಲೆಕ್ಕವಿಲ್ಲ.

ಇತ್ತ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಹೊರಟರು. ಕೆಲವರು ಹಸಿವಿಗೆ, ಕೆಲವರು ಬೇಸರಕ್ಕೆ. ಕೊನೆಗೆ ಒಬ್ಬನೇ ಒಬ್ಬ ಉಳಿದ.

ಅವನು ಒಬ್ಬ ಅಂಬಿಗನ ಮಗ. ಅವನ ಊರಿನಲ್ಲಿ ಓದು ಬಲ್ಲವರು ಒಬ್ಬರೂ ಇರಲಿಲ್ಲ. ಅರಮನೆಯಿಂದ ಕಾಗದ ಬಂದರೆ ಹೊಳೆಯಾಚೆಯ ಊರಿನ ಒಬ್ಬನ ಬಳಿ ಓದಿಸಿಕೊಂಡು ಬರಬೇಕು. ಅವನು ಓದಿದ್ದಕ್ಕೆ ಒಂದು ಆಡು ಕೇಳುತ್ತಿದ್ದ. ಅವನು ಹೇಳಿದ್ದೇ ಕಾಗದದಲ್ಲಿ ಇದೆಯೋ ಇಲ್ಲವೋ ಎಂದು ತಿಳಿಯುವ ದಾರಿಯಿರಲಿಲ್ಲ. ಊರಿನವರು ಸೇರಿ ಈ ಹುಡುಗನನ್ನು ಕಳಿಸಿದ್ದರು: ಓದು ಕಲಿತು ಬಾ, ನಮ್ಮ ಕಾಗದ ನೀನೇ ಓದು. ಅವನು ಬಂದಾಗ ಪೀಠದಲ್ಲಿ ಆಗಲೇ ಪಾಠ ನಿಂತಿತ್ತು. ಬೇರೆ ಪೀಠ ನೋಡಿದವನಲ್ಲ. ಕಲಿಯುವುದೆಂದರೆ ಹೀಗೇ ಇರಬೇಕು ಎಂದುಕೊಂಡು ಉಳಿದ.

ಅವನೊಬ್ಬನೇ ಎಂದು ತಿಳಿದ ದಿನ ಕುಲಪತಿಗೆ ಜ್ವರ ಬಂತು. ಇವನೂ ಹೋದರೆ ಪದಕ ಯಾರಿಗೆ? ಪದಕ ತಪ್ಪಿದರೆ ಗದ್ದೆ, ತೋಟ, ಗಾಣ ಎಲ್ಲವೂ ವಾಪಸು. ಅಂದಿನಿಂದ ಆ ವಿದ್ಯಾರ್ಥಿಗೆ ಮೂರು ಹೊತ್ತು ಊಟ. ಅವನು ಕೆಮ್ಮಿದರೆ ನಾಲ್ವರು ಉಪಾಧ್ಯಾಯರೂ ಎದ್ದು ನಿಲ್ಲುತ್ತಿದ್ದರು. ಕಾಲಿಗೆ ಮುಳ್ಳು ಚುಚ್ಚಿದರೆ ತರ್ಕದವರು ಹೊತ್ತುಕೊಂಡು ಬರುತ್ತಿದ್ದರು. ಹೊಳೆಯ ಕಡೆ ನೋಡುತ್ತ ನಿಂತರೆ ಸಾಕು, ಯಾರಾದರೊಬ್ಬರು ಚಕ್ಕುಲಿ ಹಿಡಿದುಕೊಂಡು ಓಡಿ ಬರುತ್ತಿದ್ದರು.

ಘಟಿಕೋತ್ಸವದ ದಿನ ಎಲ್ಲ ಪದಕಗಳೂ ಅವನಿಗೇ. ವ್ಯಾಕರಣದಲ್ಲಿ ಮೊದಲನೆಯವನೆಂದು ವೇದಿಕೆ ಹತ್ತಿ ಇಳಿದ. ಎರಡನೆಯವನೆಂದು ಮತ್ತೆ ಹತ್ತಿದ. ಕುಸ್ತಿಗೆ ಎದುರಾಳಿ ಬೇಕಲ್ಲ? ಬಾರದೆ ಇದ್ದ ಎದುರಾಳಿ ಸೋತನೆಂದು ಸಾರಿದರು. ವಿನಯದ ಪದಕಕ್ಕೆ ಡೊಳ್ಳು ಬಾರಿಸಿದಾಗ ಅವನು ನಾಚಿ ಕಂಬದ ಹಿಂದೆ ಅಡಗಿದ. ನಿಜವಾದ ವಿನಯ ಇದೇ ಎಂದು ಮಾಜಿ ಮಂತ್ರಿ ಕಣ್ಣೊರೆಸಿಕೊಂಡ. ಸಭೆ ಮುಗಿಯುವಷ್ಟರಲ್ಲಿ ಹುಡುಗನ ಕತ್ತು ಬಾಗಿ ಗಲ್ಲ ಎದೆಗೆ ತಾಗಿರುತ್ತಿತ್ತು.

ಮಾರನೆಯ ದಿನ ಅವನನ್ನು ಅನುತ್ತೀರ್ಣ ಮಾಡುತ್ತಿದ್ದರು. ಉತ್ತೀರ್ಣನಾದವನು ಮನೆಗೆ ಹೋಗಬಹುದೆಂಬುದು ಪೀಠದ ನಿಯಮ. ಅವನು ಹೋಗುವ ಹಾಗಿಲ್ಲ. ಬರವಣಿಗೆ ಸಾಲದು ಎಂದು ಕಾರಣ ಹೇಳುತ್ತಿದ್ದರು. ಅದು ಸುಳ್ಳೂ ಅಲ್ಲ. ಅವನಿಗೆ ಒಂದಕ್ಷರ ಬರೆಯಲೂ ಬರುತ್ತಿರಲಿಲ್ಲ.

ಹೀಗೆ ಕೆಲವು ವರ್ಷ ನಡೆಯಿತು.

ಒಮ್ಮೆ ದೀಪಾವಳಿಗೆ ಅವನು ಊರಿಗೆ ಹೋದ. ಇಬ್ಬರು ಉಪಾಧ್ಯಾಯರು ಕಾವಲಿಗೆ ಜೊತೆಯಲ್ಲೇ ಹೋಗಿ ಊರ ಹೊರಗೆ ದಾರಿ ಕಾಯುತ್ತ ಉಳಿದರು. ದಾರಿಯಲ್ಲಿ ಬೇರೆ ಪೀಠದವರು ಯಾರಾದರೂ ಎಳೆದುಕೊಂಡು ಹೋದರೆ? ಊರಿನವರು ಪದಕಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಅವನನ್ನು ಜಗಲಿಯ ಮೇಲೆ ಕೂರಿಸಿ ಒಂದು ಕಾಗದ ತಂದು ಕೈಗಿಟ್ಟರು. ದೋಣಿ ನಡೆಸುವ ಹಕ್ಕಿನ ವಿಷಯವಾಗಿ ಅರಮನೆಯಿಂದ ಬಂದದ್ದು. ಅವನು ಬರುತ್ತಾನೆಂದು ಓದಿಸದೆ ಕಾದಿಟ್ಟಿದ್ದರು.

ಅವನು ಕಾಗದವನ್ನು ನೋಡಿದ. ತಿರುಗಿಸಿ ನೋಡಿದ. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು.

ಅವನ ತಾಯಿಗೆ ತಿಳಿಯಿತು. "ದಾರಿ ನಡೆದು ಬಂದಿದೆ ಮಗ, ಕಣ್ಣು ಉರೀತಿರತ್ತೆ. ಅವನನ್ನ ಬಿಡ್ರಪ್ಪ, ಮಲಗಲಿ" ಎಂದಳು. ಸಂಜೆ ಅವಳೇ ಹೊಳೆ ದಾಟಿ ಹೋಗಿ ಆ ಕಾಗದ ಓದಿಸಿಕೊಂಡು ಬಂದಳು. ಹೋಗುವಾಗ ಹಟ್ಟಿಯ ಕೊನೆಯ ಆಡನ್ನು ಹೊಡೆದುಕೊಂಡು ಹೋಗಿದ್ದಳು. ಬರುವಾಗ ಒಬ್ಬಳೇ ಬಂದಳು.  ಮಗನಿಗೆ ಬಿಸಿ ರೊಟ್ಟಿ ಹಾಕಿಕೊಟ್ಟಳು.

ಪೀಠಕ್ಕೆ ಮರಳಿದವನು ನೇರ ಕುಲಪತಿಯ ಕೋಣೆಗೆ ಹೋದ.

"ಸ್ವಾಮಿ, ನನಗೆ ಓದೋದಕ್ಕೆ ಕಲಿಸಿ."

"ಓದೋದಕ್ಕೆ? ಏನಪ್ಪ ಮಾತು ಇದು! ಇಡೀ ಪೀಠಕ್ಕೆ ಮೊದಲನೆಯವನು ನೀನು."

"ಹೌದು ಸ್ವಾಮಿ. ಎರಡನೆಯವನೂ ನಾನೇ. ಇಬ್ಬರಿಗೂ ಓದೋದಕ್ಕೆ ಬರಲ್ಲ."

ಕುಲಪತಿ ಉಪಾಧ್ಯಾಯರ ಸಭೆ ಕರೆದರು. ವಿದ್ಯಾರ್ಥಿಯನ್ನು ಬಾಗಿಲ ಹೊರಗೆ ಕೂರಿಸಿ, ಕೈಗೆ ಚಕ್ಕುಲಿ ಕೊಟ್ಟರು. ಒಳಗಿನ ಮಾತು ಅವನಿಗೆ ಚೆನ್ನಾಗಿ ಕೇಳಿಸುತ್ತಿತ್ತು.

ವ್ಯಾಕರಣದವರು, "ಸ್ವರಗಳನ್ನು ಮಾತ್ರ ಕಲಿಸೋಣ. ವ್ಯಂಜನ ಬೇಡ. ಕಲಿಸಿದ ಹಾಗೂ ಆಯಿತು, ಓದಲು ಬಾರದ ಹಾಗೂ ಆಯಿತು" ಎಂದರು. ಗಣಿತದವರು, "ವರ್ಷಕ್ಕೆ ಒಂದಕ್ಷರ ಸಾಕು. ನಮ್ಮೆಲ್ಲರ ಕಾಲ ಕಳೆಯುತ್ತದೆ" ಎಂದರು. ಕಾವ್ಯದವರು ಇಂಥ ಸನ್ನಿವೇಶದ ಮೇಲೆ ಒಂದು ಪದ್ಯ ಹೊಳೆಯುತ್ತಿದೆ ಎಂದರು. ಅವರನ್ನು ಸುಮ್ಮನಿರಿಸಿದರು.

ತರ್ಕದವರು ಕೊನೆಯಲ್ಲಿ ಮಾತಾಡಿದರು. "ಅವನು ಕಲಿತರೆ ಉತ್ತೀರ್ಣನಾಗುತ್ತಾನೆ. ಉತ್ತೀರ್ಣನಾದರೆ ಹೊರಡುತ್ತಾನೆ. ಅವನು ಹೊರಟರೆ ದತ್ತಿಗಳು ವಾಪಸು ಹೋಗುತ್ತವೆ. ದತ್ತಿ ಹೋದರೆ ಪೀಠ ಮುಚ್ಚುತ್ತದೆ. ಪೀಠ ಮುಚ್ಚಿದರೆ ಅವನಿಗೆ ಕಲಿಸುವವರು ಯಾರು? ಆದ್ದರಿಂದ ಅವನು ಕಲಿಯಬೇಕಾದರೆ ಅವನು ಕಲಿಯಬಾರದು."

ಎಲ್ಲರೂ ತಲೆದೂಗಿದರು. ಅಷ್ಟು ಒಳ್ಳೆಯ ವಾದ ಆ ಪೀಠದಲ್ಲಿ ಬಹಳ ವರ್ಷಗಳಿಂದ ಆಗಿರಲಿಲ್ಲ.

ಬಾಗಿಲು ತೆರೆಯಿತು. ವಿದ್ಯಾರ್ಥಿ ಒಳಗೆ ಬಂದು ಚಕ್ಕುಲಿಯನ್ನು ಮೇಜಿನ ಮೇಲಿಟ್ಟ. ಕಚ್ಚಿರಲಿಲ್ಲ. "ಸ್ವಾಮಿ, ನಾನು ಹೊಳೆಯಾಚೆಯವನ ಹತ್ತಿರ ಹೋಗಿ ಕಲೀತೀನಿ. ದುಡಿದು ಆಡು ತಂದುಕೊಡ್ತೀನಿ. ನನ್ನವ್ವ ಕಾಯ್ತಾ ಇದ್ದಾಳೆ" ಎಂದ.

"ನೀನು ಹೋದರೆ ಪೀಠ ಹೋಗುತ್ತದಲ್ಲೋ!" ಎಂದು ತರ್ಕದವರು ಕೂಗಿದರು.

"ಪೀಠ ಎಲ್ಲಿದೆ ಸ್ವಾಮಿ?" ಎಂದ ಹುಡುಗ. ಕೊಂಕಿನಿಂದ ಕೇಳಿದ್ದಲ್ಲ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಕುಲಪತಿ ಚಕ್ಕುಲಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಎದ್ದು ಅಂಗಳಕ್ಕೆ ಇಳಿದರು. ಹುಡುಗನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಮರಳು ಹರಡಿ, ಅವನ ಬೆರಳು ಹಿಡಿದು, ಮೊದಲ ಅಕ್ಷರ ತಿದ್ದಿಸಿದರು. ಅಂದು ಒಬ್ಬ ದಾನಿಯ ಮೊಮ್ಮಗನ ನಾಮಕರಣವಿತ್ತು. ಅವರಿಗೆ ಮರೆತೇಹೋಯಿತು. ಹೀಗೆ ಒಂದು ಊಟ ಮರೆತದ್ದು ಅವರಿಗೆ ಅದೇ ಮೊದಲು.

ಹುಡುಗ ದಡ್ಡನಾಗಿರಲಿಲ್ಲ. ಕಾಗುಣಿತದಲ್ಲಿ ಸ್ವಲ್ಪ ತಡವರಿಸಿದ, ಒತ್ತಕ್ಷರದಲ್ಲಿ ಬೆವರಿದ, ಆಮೇಲೆ ದೋಣಿ ನೀರಿಗಿಳಿದ ಹಾಗೆ ಸಾಗಿದ. ಉಳಿದ ಉಪಾಧ್ಯಾಯರು ಮೊದಲು ಕಂಬಕ್ಕೊರಗಿ ದೂರದಿಂದ ನೋಡಿದರು. ಒಂದು ದಿನ ವ್ಯಾಕರಣದವರು ತಡೆಯಲಾರದೆ, "ಅದು ಹಾಗಲ್ಲ, ಇಲ್ಲಿ ಕೊಡಿ" ಎಂದು ಬಂದು ಕೂತರು. ಗಣಿತದವರು ಯಾರೂ ಕೇಳದಿದ್ದರೂ ಮಗ್ಗಿ ಹೇಳಿಕೊಟ್ಟರು. ತರ್ಕದವರು ತಮ್ಮ ವಾದದಲ್ಲಿ ತಪ್ಪೇನೂ ಇಲ್ಲವೆಂದು ಗೊಣಗುತ್ತ ಅಂಗಳಕ್ಕೆ ಮರಳು ಹೊತ್ತು ಹಾಕಿದರು.

ಘಟಿಕೋತ್ಸವಕ್ಕೆ ಕೆಲವೇ ದಿನಗಳಿರುವಾಗ ಕುಲಪತಿ ಅವನ ಕೈಗೆ ಒಂದು ಗ್ರಂಥ ಕೊಟ್ಟು ನಡುವೆ ಎಲ್ಲೋ ತೆರೆದು ಓದು ಎಂದರು. ಓದಿದ. ಬರೆ ಎಂದರು. ಬರೆದ. ಅಕ್ಷರ ಸೊಟ್ಟವಾಗಿದ್ದರೂ ತಪ್ಪಿರಲಿಲ್ಲ. "ನೀನು ಉತ್ತೀರ್ಣ. ಮನೆಗೆ ಹೋಗು" ಎಂದರು. ಹುಡುಗ ಐವರ ಕಾಲಿಗೂ ನಮಸ್ಕರಿಸಿದ. ಪದಕಗಳನ್ನು ತೆಗೆದುಕೋ ಎಂದಾಗ, "ಬೇಡ ಸ್ವಾಮಿ, ದೋಣಿಗೆ ಭಾರ" ಎಂದು ಬಿಟ್ಟು ಹೊರಟ. ಮುಂದೆ ಆ ಊರಿನಲ್ಲಿ ಆಡುಗಳು ಹೆಚ್ಚಾದವಂತೆ.

ಘಟಿಕೋತ್ಸವದ ದಿನ ಬಂತು. ಚಪ್ಪರ ಹಾಕಿದ್ದರು, ವಾಲಗ ಊದಿದ್ದರು. ದಾನಿಗಳೆಲ್ಲ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು. ವೇದಿಕೆಯ ಮೇಲೆ ಪದಕಗಳ ರಾಶಿ ಇತ್ತು. ಪಡೆಯುವವನು ಮಾತ್ರ ಇರಲಿಲ್ಲ. ಕುಲಪತಿ ಎದ್ದು ನಿಂತರು.  ತಮ್ಮ ಬಟ್ಟೆಬರೆಯನ್ನು ಆಗಲೇ ಗಂಟು ಕಟ್ಟಿ ಬಂದಿದ್ದರು.

"ಮಹನೀಯರೇ, ಈ ವರ್ಷ ಪದಕ ಕೊಡಲು ವಿದ್ಯಾರ್ಥಿಯಿಲ್ಲ. ಇದ್ದ ಒಬ್ಬನೂ ಓದು ಕಲಿತು ಹೋಗಿಬಿಟ್ಟ. ತಪ್ಪು ನನ್ನದು. ನಿಮ್ಮ ನಿಮ್ಮ ಗದ್ದೆ, ತೋಟ ನೀವು ತೆಗೆದುಕೊಳ್ಳಬಹುದು."

 ಮೊದಲು ಎದ್ದವನು ಆ ವ್ಯಾಪಾರಿ.

"ಅಂದರೆ ಇವತ್ತು ಸಭೆ ಇಲ್ಲವೇ ಸ್ವಾಮಿ?"

"ಇಲ್ಲ."

"ಮುಂದಿನ ವರ್ಷ?"

"ಅದೂ ಇಲ್ಲ."

"ಅಬ್ಬ!" ಎಂದು ವ್ಯಾಪಾರಿ ಸೊಂಟ ಹಿಡಿದುಕೊಂಡು ಉಸಿರುಬಿಟ್ಟ. "ಪ್ರತಿ ವರ್ಷ ಅರ್ಧ ದಿನ ಅಂಗಡಿ ಮುಚ್ಚಿ ಬಂದು ಕೂತು ಕೂತು ನನ್ನ ಬೆನ್ನು ಬಿದ್ದುಹೋಯಿತು. ಬರದಿದ್ದರೆ ನೀವು ನೊಂದುಕೊಳ್ಳುತ್ತೀರಿ ಅಂತ ಬರುತ್ತಿದ್ದೆ."

"ನಾನೂ ಅಷ್ಟೇ" ಎಂದ ಬಟ್ಟೆ ಅಂಗಡಿಯವನು. ಆ ಇಬ್ಬರು ಒಂದು ಮಾತಿಗೆ ಒಪ್ಪಿದ್ದನ್ನು ಊರು ಅಂದು ಮೊದಲ ಸಲ ಕಂಡಿತು. ಜಮೀನ್ದಾರನೂ ವೈದ್ಯನೂ ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ಕುಲಪತಿಗೆ ಏನೂ ಅರ್ಥವಾಗಲಿಲ್ಲ. "ಹಾಗಾದರೆ ಗದ್ದೆ?"

"ಗದ್ದೆ ನಿಮ್ಮದಲ್ಲವೇ? ಕೊಟ್ಟಾಯಿತು. ಕೊಟ್ಟಿದ್ದನ್ನು ವಾಪಸು ತೆಗೆದುಕೊಂಡು ಊರಿನಲ್ಲಿ ಹೇಗೆ ಓಡಾಡಲಿ? ನೀವು ವಾಪಸು ವಾಪಸು ಅಂದಾಗಲೆಲ್ಲ ನನಗೆ ಮುಜುಗರವಾಗುತ್ತಿತ್ತು. ನಿಮ್ಮಲ್ಲಿ ಹಾಗೆ ಹೇಳುವ ಪದ್ಧತಿ ಇರಬೇಕು ಅಂತ ಸುಮ್ಮನಿದ್ದೆ." ವ್ಯಾಪಾರಿ ಪದಕಗಳ ರಾಶಿಯ ಕಡೆ ನೋಡಿದ. "ಇನ್ನು ಮೇಲೆ ಆ ಬೆಳೆಯಿಂದ ಮಕ್ಕಳಿಗೆ ಊಟ ಹಾಕಿ ಸ್ವಾಮಿ. ನಮ್ಮಪ್ಪ ದಾರಿಹೋಕರನ್ನೆಲ್ಲ ಕರೆದು ಎಲೆ ಹಾಕುತ್ತಿದ್ದ. ಉಣ್ಣದೆ ಹೋದವರನ್ನು ಬೈಯುತ್ತಿದ್ದ. ವ್ಯಾಕರಣ ಅಂದರೆ ಏನು ಅಂತ ಪಾಪ ಅವನಿಗೆ ಗೊತ್ತೇ ಇರಲಿಲ್ಲ."

"ಇದನ್ನು ಆ ದಿನವೇ ಹೇಳಬಾರದಿತ್ತೇ?" ಎಂದರು ಕುಲಪತಿ.

"ನೀವು ಪದಕ ಅಂದಿರಿ. ಓದಿದವರು, ನಿಮಗೆ ತಿಳಿದಿರುತ್ತೆ ಅಂದುಕೊಂಡೆ."

ಆ ವರ್ಷದಿಂದ ಪೀಠದಲ್ಲಿ ಎರಡು ಹೊತ್ತು ಒಲೆ ಉರಿಯಿತು. ಮಕ್ಕಳು ಬಂದರು. ಅಂಬಿಗನ ಊರಿನಿಂದಲೇ ನಾಲ್ವರು ಬಂದರು. ದಾನಿಗಳಲ್ಲಿ ಯಾರೂ ಏನನ್ನೂ ವಾಪಸು ಕೇಳಲಿಲ್ಲ. ಒಬ್ಬನು ಮಾತ್ರ ಮಾರನೆಯ ದಿನವೇ ಗಾಡಿ ಕಟ್ಟಿಕೊಂಡು ಬಂದು ತಾನು ಕೊಟ್ಟಿದ್ದ ಗಾಣವನ್ನು ಹೇರಿಕೊಂಡು ಹೋದ. ಅವನು ತ್ಯಾಗದ ಪದಕ ಇಟ್ಟಿದ್ದ ಸಾಹುಕಾರ.

ಅಮ್ಮನವರು ಕತೆ ನಿಲ್ಲಿಸಿದರು. ಗಂಗರಸ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ.

"ಎಂಥ ಕುಲಪತಿ ಅಮ್ಮಾ ಅವರು! ಆ ವ್ಯಾಪಾರಿಯ ಮನೆಯಲ್ಲೇ ಅಷ್ಟು ಸಲ ಉಂಡರು. ಎದುರಿಗೇ ಕೂತಿದ್ದ ಮನುಷ್ಯನನ್ನು, ಏನಪ್ಪ, ಇದನ್ನು ಅದಕ್ಕೆ ಬಳಸಲೇ ಎಂದು ಬಾಯಿಬಿಟ್ಟು ಒಂದು ಮಾತು ಕೇಳಲಿಲ್ಲವಲ್ಲ!"

"ನೀನು ಕೇಳಿದೆಯಾ?" ಎಂದರು ಅಮ್ಮನವರು.

ಗಂಗರಸನ ನಗು ಅಲ್ಲಿಗೇ ನಿಂತಿತು.